ಮೊದಲು ಅಡುಗೆಮನೆ, ಆಮೇಲೆ ಹಾಸಿಗೆ

ಮೊನ್ನೆ ನಮ್ಮ ಮೇಡಂ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಆಸ್ಪತ್ರೆಯ ಆಡಳಿತಾಧಿಕಾರಿಗಳು ಮೈಕು ಹಿಡಿದು "ಅವರು ತಾಳ್ಮೆಯ ಮೂರ್ತಿ" ಎಂದರು. ಆಮೇಲೆ ಬಂದ ಡಾಕ್ಟರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಮೂರನೆಯವರು ತಮಿಳಿನಲ್ಲಿ ಅವರನ್ನು ಭೂಮಾದೇವಿಗೇ ಹೋಲಿಸಿಬಿಟ್ಟರು. ನಾನು ಎರಡನೇ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ತಾಳ್ಮೆಯಂತೆ! ಇವರಲ್ಲಿ ಒಬ್ಬರಾದರೂ ಆ ಹೆಂಗಸಿನ ಜೊತೆ ಮೇ ತಿಂಗಳ ಬಿಸಿಲಲ್ಲಿ ಒಂದು ಆಟೋ ಹತ್ತಿದ್ದರೆ ಈ ಮಾತು ಆಡುತ್ತಿರಲಿಲ್ಲ. ಕೋಡಂಬಾಕ್ಕಂ ಸೇತುವೆ ಹತ್ತುವ ಮೊದಲೇ ಆಟೋದವನ ಜೊತೆ ಜಗಳ ಶುರು. ಇಳಿಯುವ ಹೊತ್ತಿಗೆ ಜಗಳ ಹೇಗೋ ಅವನ ಹೆಂಡತಿಯ ಸಕ್ಕರೆ ಕಾಯಿಲೆಗೆ ಬಂದು ನಿಂತಿರುತ್ತಿತ್ತು. ನಮ್ಮನ್ನು ರಸ್ತೆ ಬದಿ ಒಣಗಲು ಬಿಟ್ಟು, ಅವಳ ಕಾಲಿನ ಹುಣ್ಣಿಗೆ ಹೇಗೆ ಬಟ್ಟೆ ಕಟ್ಟಬೇಕೆಂದು ಅವನಿಗೆ ಬೈದು ಬೈದು ಹೇಳಿಕೊಡುತ್ತಿದ್ದರು.

ನಾನು ಅವರ ಶಿಷ್ಯೆ. ಇಷ್ಟಪಟ್ಟು ಆದವಳಲ್ಲ. ಐಸಿಯುನಲ್ಲಿ ಹತ್ತು ವರ್ಷ ದುಡಿದ ಮೇಲೆ ಆಸ್ಪತ್ರೆಯವರು ಕೆಲವು ಹಿರಿಯ ನರ್ಸುಗಳನ್ನು ಆರಿಸಿ ಈ ತರಬೇತಿಗೆ ಹಾಕಿದರು. ಗುಣವಾಗದ ಕಾಯಿಲೆಯವರ ಮನೆಗೆ ಹೋಗಿ ಅವರ ನೋವು, ವಾಂತಿ, ಉಬ್ಬಸ ನೋಡಿಕೊಳ್ಳುವ ಕೆಲಸ. ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಆಗ ಮದ್ರಾಸಿನಲ್ಲಿ ಅರ್ಧಕ್ಕರ್ಧ ಡಾಕ್ಟರುಗಳೇ ಆ ಹೆಸರು ಕೇಳಿರಲಿಲ್ಲ. ತರಬೇತಿ ಪಾಸಾದವರು ಡಾಕ್ಟರಿಲ್ಲದೆ ಒಬ್ಬರೇ ಮನೆಗಳಿಗೆ ಹೋಗಬಹುದಿತ್ತು. ಮಾತ್ರೆ ಹೆಚ್ಚು ಕಡಿಮೆ ಮಾಡುವ ಬಗ್ಗೆ ನಮ್ಮ ಮಾತಿಗೆ ಬೆಲೆ ಇರುತ್ತಿತ್ತು. ನನಗೆ ಅದು ಬೇಕಿತ್ತು. ಪಾಸು ಮಾಡಬೇಕಾದವರು ಮಾತ್ರ ಈ ಮೇಡಂ.

ಅವರದು ಮೂರು ತಲೆಮಾರಿನಿಂದ ಮೈಲಾಪೂರಿನಲ್ಲೇ ಇರುವ ವೈಷ್ಣವ ಮನೆತನ. ಕನ್ನಡ ಮೈಸೂರಿನದು, ಒಗ್ಗರಣೆ ತಮಿಳಿನದು. ನಮ್ಮ ಅಪ್ಪ ಹುಬ್ಬಳ್ಳಿ ಕಡೆಯಿಂದ ಮೆಣಸಿನಕಾಯಿ ವ್ಯಾಪಾರಕ್ಕೆ ಬಂದು ಇಲ್ಲಿ ನೆಲೆಸಿದವರು. ಮನೆಯಲ್ಲಿ ನಮ್ಮದು ಇವತ್ತಿಗೂ ಆ ಕಡೆಯ ಮಾತೇ. ಮೇಡಂಗೆ ಇಷ್ಟು ಸಾಕಾಗಿತ್ತು. ಮೊದಲ ದಿನವೇ ತರಗತಿಯ ಮುಂದೆ, "ನಿಮ್ಮಪ್ಪ ಬ್ಯಾಡಗಿ ಮಾರ್ತಾರೆ, ಸೆರಿ. ಬ್ಯಾಡಗೀಲಿ ಬಣ್ಣ ಇರತ್ತೆ, ಖಾರ ಇರಲ್ಲ. ನೀನು ಯಾಕಡೀ ಗುಂಟೂರು ಆಗಿ ಹುಟ್ದೆ?" ಎಂದರು. ತರಬೇತಿ ಮುಗಿಯುವವರೆಗೂ ನಾನು 'ಗುಂಟೂರು'.

ಮಾರ್ಫಿನ್ ಬಗ್ಗೆ, ಹೊಸ ಹೊಸ ಉಪಕರಣಗಳ ಬಗ್ಗೆ ಪಾಠ ಇರುತ್ತದೆ ಎಂದುಕೊಂಡು ನಾನು ಹೋಗಿದ್ದೆ. ಮೊದಲ ವಾರ ಪೂರ್ತಿ ನಮಗೆ ಕಲಿಸಿದ್ದು ಕೂರುವುದನ್ನು! ರೋಗಿಯ ಹಾಸಿಗೆ ಪಕ್ಕ ಕುರ್ಚಿ ಎಲ್ಲಿ ಹಾಕಬೇಕು, ಬ್ಯಾಗು ಎಲ್ಲಿ ಇಡಬೇಕು, ಬಾಗಿಲ ಕಡೆ ಯಾಕೆ ನೋಡಬಾರದು. "ನಿಂತ ನರ್ಸು ಹೊರಟ ನರ್ಸು. ಕೂತ್ಕೋ" ಎಂದು ಕೈಯಲ್ಲಿದ್ದ ಬೀಸಣಿಗೆಯಿಂದ ಭುಜಕ್ಕೆ ಹೊಡೆಯುತ್ತಿದ್ದರು. ಎರಡನೇ ವಾರ ನಮ್ಮನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಇನ್ನೊಬ್ಬ ನರ್ಸಿನ ಕೈಯಲ್ಲಿ ಮೊಸರನ್ನ ತಿನ್ನಿಸಿದರು. ನನಗೆ ತಿನ್ನಿಸಿದವಳು ಬಸ್ಸು ತಪ್ಪುವವಳ ಹಾಗೆ ತುರುಕಿದಳು. ಕಿವಿಗೆಲ್ಲ ಮೊಸರು. ನಾನು ಎದ್ದು ಕೂತೇಬಿಟ್ಟೆ.

"ಅಲ್ರೀ ಮೇಡಂ, ಹತ್ತ ವರ್ಷ ಐಸಿಯುದಾಗ ದುಡದೀನಿ. ನನಗ ಉಣ್ಣೂದು ಕಲಸ್ತೀರೇನು?"

"ಹತ್ತು ವರ್ಷದಲ್ಲಿ ಎಷ್ಟು ಜನಕ್ಕೆ ಹೀಗೇ ತುರುಕಿದ್ದೀಯೋ, ಪಾಪ. ಮಲಕ್ಕೋ. ಇನ್ನೂ ಅರ್ಧ ಬಟ್ಟಲಿದೆ."

ಬೆಡ್‌ಪ್ಯಾನಿನ ಪಾಠವನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರ್ಯಾದೆ ಎನ್ನುವುದು ಒಂದಿದೆ.

ಅವರ ಕಟ್ಟುನಿಟ್ಟಿನ ನಿಯಮಗಳು ಮೂರು. ಒಂದನೆಯದು, ರೋಗಿಗೆ ಸುಳ್ಳು ಹೇಳಕೂಡದು. ಒಮ್ಮೆ ವಡಪಳನಿಯಲ್ಲಿ, ಒಂದು ಕಾಲದಲ್ಲಿ ಸಿನಿಮಾಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಹೆಂಗಸೊಬ್ಬರ ಮನೆಗೆ ಹೋಗಿದ್ದೆವು. ಹೊಟ್ಟೆಯ ಕ್ಯಾನ್ಸರು, ಕೊನೆಯ ಹಂತ. ನಮ್ಮ ಜೊತೆಯ ಹುಡುಗಿಯೊಬ್ಬಳು ಅವರ ಕೈ ಹಿಡಿದು "ಎಲ್ಲಾಂ ಸರಿಯಾಯಿಡುಂಮಾ" ಎಂದಳು. ಎಲ್ಲ ಸರಿಹೋಗುತ್ತೆ ಅಂತ. ಹೇಳುವ ಮಾತೇ ತಾನೆ, ನಾವೆಲ್ಲ ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇವೆ. ಮೇಡಂ ರೋಗಿಯ ಎದುರಿಗೇ ಕೇಳಿದರು: "ಎಪ್ಪೋ? ಯಾವತ್ತು ಸರಿಹೋಗತ್ತೆ, ದಿವಸ ಹೇಳು. ಅಮ್ಮ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಳ್ಲಿ." ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಹೆಂಗಸು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಂಗಳಾಯಿತು ಅವಳು ನಕ್ಕು ಎಂದು ಅವರ ಅಕ್ಕ ಹೇಳಿದರು. ಮೇಡಂಗೆ ಇಂಥ ಗೆಲುವುಗಳು ಸಿಕ್ಕಿಬಿಡುತ್ತಿದ್ದವು, ಅದೇ ನಮಗೆ ದೊಡ್ಡ ಕಷ್ಟ.

ಎರಡನೆಯದು, ಬ್ಯಾಗು ಮುಚ್ಚಿದ ಮೇಲೆ ಆ ಮನೆಯ ಕೆಲಸ ಮುಗಿಯಿತು. "ನೀವು ಅವರ ಮಗಳಲ್ಲ, ಸೊಸೆಯಲ್ಲ. ನಾಳೆ ಇನ್ನೊಬ್ಬರ ಮನೆಗೆ ಹೋಗ್ಬೇಕು. ಹೋಗಿ ಮಲಗಿ."

ಮೂರನೆಯದು ನನಗೆ ಅತ್ಯಂತ ಸಿಟ್ಟು ಬರಿಸಿದ್ದು. ಮನೆಗೆ ಹೋದ ಕೂಡಲೇ ರೋಗಿಯ ಹತ್ತಿರ ಹೋಗಬಾರದು. ಮೊದಲು ಅಡುಗೆಮನೆ, ಆಮೇಲೆ ಹಾಸಿಗೆ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕೇಳಿ, ಅಲ್ಲೇ ನಿಂತು ಕುಡಿಯಬೇಕು. ರೋಗಿಯನ್ನು ನೋಡಿಕೊಳ್ಳುವವರು ಅಲ್ಲಿ ಇರುತ್ತಾರೆ, ಅವರು ಉಂಡರೋ ಇಲ್ಲವೋ ಒಲೆ ನೋಡಿದರೆ ತಿಳಿಯುತ್ತದೆ ಎಂಬುದು ಅವರ ವಾದ. ಆ ವರ್ಷ ಮದ್ರಾಸಿನಲ್ಲಿ ನೀರಿಗೆ ಹಾಹಾಕಾರ. ಬೀದಿ ಬೀದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ತಣ್ಣಿ ಲಾರಿಗಾಗಿ, ಅಂದರೆ ನೀರಿನ ಲಾರಿಗಾಗಿ, ಸಾಲಾಗಿ ಕೂತಿರುತ್ತಿದ್ದವು. ಕೊಡಕ್ಕಾಗಿ ಜುಟ್ಟು ಹಿಡಿದು ಹೊಡೆದಾಡುವ ಕಾಲದಲ್ಲಿ ಸಾಯುತ್ತಿರುವವರ ಮನೆಗೆ ಹೋಗಿ ನೀರು ಕೇಳುವುದೇ? ಮೇಡಂಗೆ ಹಾಗೇ ಹೇಳಿದೆ. ಅವರು, "ಒಂದು ಲೋಟ ತಾನೇ ಕೇಳೋದು? ಲಾರಿ ಕೇಳ್ತೀಯಾ?" ಎಂದರು.

ನನ್ನ ಅಂತಿಮ ಪರೀಕ್ಷೆಗೆ ಅವರು ಆರಿಸಿದ್ದು ಮೈಲಾಪೂರಿನ ಒಂದು ಮನೆ. ಅವರ ಮನೆಯಿಂದ ಎರಡು ಬೀದಿ ಆಚೆ, ಹಳೆಯ ಕಟ್ಟಡದ ಮಹಡಿ. ಕನ್ನಡದವರೇ, ಮಾಧ್ವರು. ಯಜಮಾನರು ನಿವೃತ್ತ ಅಧಿಕಾರಿ; ಮೂಳೆಗೆ ಇಳಿದ ಕ್ಯಾನ್ಸರು. ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರೂ ಬೆಳಗಿನ ಹೊತ್ತು ನೋವಿಗೆ ಮಂಚದ ಸರಳು ಹಿಡಿದು ಒದ್ದಾಡುತ್ತಿದ್ದರು. ಮಧ್ಯಾಹ್ನವಾದರೆ ಎಬ್ಬಿಸಿದರೂ ಏಳದ ನಿದ್ದೆ. ಡಾಕ್ಟರು ಆಗಲೇ ಎರಡು ಸಲ ಪ್ರಮಾಣ ಏರಿಸಿದ್ದರು. ಮುಂದಿನ ವಾರ ಮತ್ತೆ ಏರಿಸುವುದೆಂದು ತೀರ್ಮಾನವಾಗಿತ್ತು.

ಮೇಡಂಗೆ ಮಂಡಿ ನೋವು. ಒಂದೊಂದು ಮೆಟ್ಟಿಲಿಗೂ ಕಟ್ಟಡ ಕಟ್ಟಿದವನಿಗೆ ಶಾಪ ಹಾಕುತ್ತಾ ಹತ್ತಿದರು. ಬಾಗಿಲಲ್ಲಿ ಚಪ್ಪಲಿ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ತಮ್ಮ ಬ್ಯಾಗಿನೊಳಗೆ ಹಾಕಿಕೊಂಡರು. ಎಂದೋ ಯಾರದೋ ಮನೆ ಬಾಗಿಲಲ್ಲಿ ಚಪ್ಪಲಿ ಕಳವಾಗಿತ್ತಂತೆ, ಅಂದಿನಿಂದ ಇದು. ಆಮೇಲೆ ನಡುಮನೆಯಲ್ಲಿ ಬೀಸಣಿಗೆ ಹಿಡಿದು ಕೂತು ತುಟಿ ಬಿಗಿದರು. ಪರೀಕ್ಷೆಯಲ್ಲಿ ಅವರು ಒಂದು ಮಾತೂ ಆಡುವ ಹಾಗಿಲ್ಲ. ಜೀವನದಲ್ಲಿ ಮೊದಲ ಸಲ ಅವರ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅವತ್ತೇ.

ನಾನು ಅಡುಗೆಮನೆಗೆ ಹೋದೆ. "ಅಲ್ಲೇ ನಿಂತ್ಕೋಮ್ಮಾ, ಒಳಗೆ ಬರಬೇಡ, ದೇವರು ಇಲ್ಲೇ ಇದೆ" ಎಂದರು ಹೆಂಡತಿ. ಮಡಿಯ ಮನೆ. ನನ್ನ ಮುಖ ಕೆಂಪಾಯಿತು. ಹೊಸಿಲಾಚೆಯೇ ನಿಂತು ನೀರು ಕೇಳಿದೆ. ಲೋಟವನ್ನು ಹೊಸಿಲ ಮೇಲೆ ಇಟ್ಟು ಹಿಂದೆ ಸರಿದರು, ನನ್ನ ಕೈ ಸೋಕಬಾರದಲ್ಲ. ಕುಡಿಯುತ್ತಾ ಒಳಗೆ ಕಣ್ಣಾಡಿಸಿದೆ. ಹನ್ನೊಂದು ಗಂಟೆಯಾದರೂ ಒಲೆ ಹಚ್ಚಿರಲಿಲ್ಲ. ಮೂಲೆಯಲ್ಲಿ ದೇವರ ಮಂಟಪ, ದೀಪವಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಕಾಫಿ ಫಿಲ್ಟರಿನ ಪಕ್ಕ, ಒಂದು ಚೂರು ಬಾಳೆಲೆಯ ಮೇಲೆ ಮೂರು ಮಾತ್ರೆ. ನಮ್ಮ ಆಸ್ಪತ್ರೆಯವೇ.

"ಅವು ಯಾವುವು ಅಮ್ಮಾರ?"

"ಇವರದ್ದೇ. ಬೆಳಿಗ್ಗೆ ಆರು ಗಂಟೇದು, ಹತ್ತರದ್ದು, ಮಧ್ಯಾಹ್ನದ್ದು. ಪೂಜೆ ಆಗದೆ ಇವರು ಬಾಯಿಗೆ ಏನೂ ಹಾಕಲ್ವಲ್ಲ. ದಂಡ ಮಾಡಬಾರದು ಅಂತ ಊಟ ಆದ್ಮೇಲೆ ಮೂರೂ ಒಟ್ಟಿಗೆ ಕೊಟ್ಟುಬಿಡ್ತೀನಿ."

ಮೂರು ಹೊತ್ತಿನ ಮಾರ್ಫಿನ್ ಒಂದೇ ಸಲ! ಅದಕ್ಕೇ ಬೆಳಿಗ್ಗೆ ನರಕ, ಮಧ್ಯಾಹ್ನ ಎಚ್ಚರವಿಲ್ಲದ ನಿದ್ದೆ. ಡಾಕ್ಟರು ಬೆಳಗಿನ ನೋವಿಗೆಂದು ಪ್ರಮಾಣ ಏರಿಸಿದಷ್ಟೂ ಈ ಮೂರು ಮಾತ್ರೆಯ ಬಲ ಏರುತ್ತಿತ್ತು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಏನ್ ಮಾಡಾಕತ್ತೀರಿ ಅಮ್ಮಾರ! ಇನ್ನೊಂದ ಸಲ ಏರಿಸಿದ್ರ ಯಜಮಾನ್ರು ಮಧ್ಯಾಹ್ನ ಮಲಗಿದವರು ಏಳೂದಿಲ್ಲ. ಉಸಿರು ನಿಂತಹೋಗ್ತದ!" ಆಕೆ ಗೋಡೆ ಹಿಡಿದು ಕೆಳಗೆ ಕೂತರು. ನಡುಮನೆಯಲ್ಲಿ ಬೀಸಣಿಗೆಯ ಸದ್ದು ನಿಂತಿತು.

ಯಜಮಾನರ ಹತ್ತಿರ ಹೋದೆ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು, ಮಾತು ಮಾತ್ರ ಗಟ್ಟಿ. "ತಲೆ ಮಂಕು ಮಾಡೋ ಪದಾರ್ಥ ಹೊಟ್ಟೇಲಿಟ್ಕೊಂಡು ದೇವರ ತಲೆ ಮೇಲೆ ನೀರು ಹಾಕ್ಲೇನಮ್ಮಾ? ಹಾಸಿಗೇಲಿ ಕೂತು ಮಾಡ್ತಿರೋದೇ ಒಂದು ಪಾಪ. ನೋವು ನನ್ನದು, ಇರ್ಲಿ ಬಿಡು." ನಾನು ಎಲ್ಲ ಹೇಳಿದೆ. ಔಷಧಕ್ಕೆ ದೋಷವಿಲ್ಲ ಎಂದೆ. ದೇವರು ಅಷ್ಟು ನಿಷ್ಠುರನೇ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಮೇಡಂ ಕಡೆ ನೋಡಿದೆ. ಮೈಲಾಪೂರಿನವರು, ಮಡಿ ಹುಡಿ ಎಲ್ಲ ಬಲ್ಲವರು, ಒಂದು ಮಾತು ಹೇಳಬಾರದೇ? ಫೋಟೋದ ಹಾಗೆ ಕೂತಿದ್ದರು. ಆ ಕ್ಷಣ ಅವರ ಬೀಸಣಿಗೆಯನ್ನು ಕಿತ್ತು ಬೀದಿಗೆ ಎಸೆಯುವಷ್ಟು ಕೋಪ ಬಂತು ನನಗೆ.

ಕೊನೆಗೆ ಹೇಳಿದೆ. "ಹಂಗಾದ್ರ ಪೂಜೀನ ಬೆಳಿಗ್ಗೆ ಆರಕ್ಕ ಮಾಡ್ರಿ. ಮಾತ್ರಿ ಅದರ ಹಿಂದ ಬರಲಿ."

"ಮಾಡ್ತಿದ್ವಲ್ಲ" ಎಂದರು ಹೆಂಡತಿ ಒಳಗಿನಿಂದ. "ನಮ್ಮ ಬಾವಿ ಬತ್ತೋ ತನಕ ಆರಕ್ಕೇ ಮಾಡ್ತಿದ್ವಿ. ಈಗ ಬೀದಿ ನಲ್ಲೀಲಿ ಹತ್ತು ಹತ್ತೂವರೆಗೆ ನೀರು ಬಂದ್ರೆ ಬಂತು. ಆಮೇಲೆ ಮಡೀಲಿ ತರಬೇಕು. ಲಾರಿ ನೀರು ದೇವರಿಗೆ ಆಗತ್ತಾ? ಯಾವ ಟ್ಯಾಂಕೋ, ಯಾರ ಪೈಪೋ."

ನೋಡಿ, ಇಷ್ಟೇ ವಿಷಯ. ಒಬ್ಬ ಮನುಷ್ಯನ ಉಸಿರು ಒಂದು ಕೊಡ ನೀರಿನ ಮೇಲೆ ನಿಂತಿತ್ತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ, ನನಗೂ ತೋಚಲಿಲ್ಲ. ಆಗ ಮೇಡಂ ಪರೀಕ್ಷೆಯ ನಿಯಮ ಮುರಿದು ಬಾಯಿ ಬಿಟ್ಟರು.

"ನಮ್ಮನೆ ಬಾವೀಲಿ ನೀರಿದೆ. ನಾಳೆಯಿಂದ ಬೆಳಿಗ್ಗೆ ಮಡೀಲಿ ನಾನೇ ಒಂದು ಕೊಡ ತಂದ್ಕೊಡ್ತೀನಿ."

ಯಜಮಾನರು ಕಣ್ಣು ತೆರೆದರು. "ಬಾವಿ ನೀರು ತಾನೇ?"

"ಬಾವಿ ನೀರೇ."

ಮಾರನೆಯ ದಿನದಿಂದ ತಂದುಕೊಟ್ಟರು ಕೂಡ. ಆ ಮಂಡಿ ಇಟ್ಟುಕೊಂಡು, ಒದ್ದೆ ಸೀರೆಯಲ್ಲಿ, ಹಿತ್ತಾಳೆ ಕೊಡ ಹೊತ್ತು, ಆ ಮೆಟ್ಟಿಲು ಹತ್ತಿ. ಬ್ಯಾಗು ಮುಚ್ಚಿದ ಮೇಲೆ ಸಂಬಂಧ ಮುಗಿಯಿತು ಎಂದು ನಮ್ಮ ತಲೆ ತಿಂದವರು ಇವರೇ! ಆರಕ್ಕೆ ಪೂಜೆ, ತೀರ್ಥ, ಹಿಂದೆಯೇ ಮಾತ್ರೆ. ಆಮೇಲೆ ನಾಲ್ಕು ನಾಲ್ಕು ಗಂಟೆಗೆ ಒಂದೊಂದೇ. ಒಂದು ವಾರದಲ್ಲಿ ಆ ಮನುಷ್ಯ ಬೆಳಗಿನ ಹೊತ್ತು ದಿಂಬಿಗೊರಗಿ ಪೇಪರು ಓದತೊಡಗಿದರು. ಡಾಕ್ಟರು ಪ್ರಮಾಣ ಏರಿಸುವ ಬದಲು ಇಳಿಸಿದರು.

ನನ್ನ ಪರೀಕ್ಷೆಯ ಫಲಿತಾಂಶ? ಫೇಲು. ಇನ್ನೊಂದು ಮನೆಯಲ್ಲಿ ಮತ್ತೆ ಮಾಡಬೇಕು.

ನಾನು ಅವರ ಕೋಣೆಗೆ ನುಗ್ಗಿದೆ. "ಮೂರು ಮಾತ್ರಿ ಕಂಡಾಕಿ ನಾನು! ಜೀವ ಉಳಿಸಿದಾಕಿ ನಾನು!"

"ಕಂಡದ್ದು ಸೆರಿ. ಆ ಹೆಂಗಸು ಎಷ್ಟೋ ತಿಂಗಳಿಂದ ನಿದ್ದೆಗೆಟ್ಟು ಗಂಡನ್ನ ನೋಡ್ಕೊಂಡಿದ್ದಾಳೆ. ನೀನೇ ಕೊಲ್ತಿದ್ದೀಯ ಅನ್ನೋ ಹಾಗೆ ಅಂದೆಯಲ್ಲ. ಸುಳ್ಳು ಹೇಳಬೇಡ ಅಂದೆ ನಾನು. ನಿಜಾನ ಕಲ್ಲಲ್ಲಿ ಹೊಡೆದ ಹಾಗೆ ಹೊಡಿ ಅಂದಿದ್ನಾ?"

ಹೊಡೆಯದೆ ಮತ್ತೇನು ಮಾಡಬೇಕಿತ್ತು? ಮಾತ್ರೆ ಬಾಯಿಗೆ ಹೋಗುವುದು ಇನ್ನೊಂದೆರಡು ಗಂಟೆಯಲ್ಲಿತ್ತು. ಈಗಲೂ ಆ ಸ್ಥಿತಿ ಬಂದರೆ ನಾನು ಅದನ್ನೇ ಹೇಳುತ್ತೇನೆ. ಆಮೇಲೆ ನಾನು ಪಾಸಾದೆ, ಅದು ಬೇರೆ ಮಾತು.

ಇದಾಗಿ ಕೆಲವು ದಿನಕ್ಕೆ, ಒಂದು ಸಂಜೆ ಡ್ಯೂಟಿ ಮುಗಿಸಿ ಹೊರಡುವಾಗ, ಮೇಡಂ ನಮ್ಮ ವಾರ್ಡಿನ ನಲ್ಲಿಯಲ್ಲಿ ಪ್ಲಾಸ್ಟಿಕ್ ಕ್ಯಾನಿಗೆ ನೀರು ಹಿಡಿಯುತ್ತಿರುವುದು ಕಂಡಿತು. ಆಸ್ಪತ್ರೆಗೂ ಆಗ ಲಾರಿ ನೀರೇ.

"ಇದ್ಯಾಕ್ರಿ ಮೇಡಂ?"

"ಮನೇಲಿ ನೀರಿಲ್ಲ."

"ಬಾವಿ?"

"ಬತ್ತಿ ಎರಡು ತಿಂಗಳಾಯ್ತು."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ತಲೆಗೆ ರಕ್ತ ಏರಿತು. "ಹಂಗಾದ್ರ ದಿನಾ ಮುಂಜಾನೆ ಆ ಮನಿಗೆ ಒಯ್ಯೂದು ಈ ನೀರು? ರೋಗಿಗೆ ಸುಳ್ಳು ಹೇಳಬಾರದು ಅಂದಾಕಿ ಯಾರ್ರೀ? ಆ ಹುಡುಗೀನ ಎಲ್ಲಾರ ಮುಂದ ಅಳಿಸಿದಾಕಿ ಯಾರು?"

ಅವರು ಕ್ಯಾನಿನ ಮುಚ್ಚಳದ ಜೊತೆ ಗುದ್ದಾಡುತ್ತಿದ್ದರು. ಬೆರಳಲ್ಲಿ ಬಲವಿರಲಿಲ್ಲ. "ಇದನ್ನ ಒಂಚೂರು ಬಿಗಿ ಮಾಡಿಕೊಡು" ಎಂದರು. ಮಾಡಿಕೊಟ್ಟೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಪಾಪ ಬಂದ್ರೆ ನನಗೆ ಬರ್ಲಿ. ನೀನು ಇದನ್ನ ಕಲೀಬೇಡ. ಇದು ಸಿಲಬಸ್‌ನಲ್ಲಿಲ್ಲ. ಯಾರಿಗೂ ಹೇಳಲೂ ಬೇಡ" ಎಂದು ಕ್ಯಾನು ಎತ್ತಿಕೊಂಡು ಹೊರಟೇಹೋದರು.

ಯಜಮಾನರು ಮಳೆಗಾಲದ ಮೊದಲು ತೀರಿಕೊಂಡರು. ಪೂಜೆ ಮುಗಿಸಿ, ಮಾತ್ರೆ ನುಂಗಿ, ನೋವಿಲ್ಲದೆ, ಮಲಗಿದ ಹಾಗೆ. ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಆ ಸುಳ್ಳನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡೆ. ಸುಲಭವಲ್ಲ ಸ್ವಾಮಿ! ನನ್ನ ಕೈಕೆಳಗೆ ಕಲಿಯುವ ಹುಡುಗಿಯರಿಗೆ "ರೋಗಿಗೆ ಸುಳ್ಳು ಹೇಳಬ್ಯಾಡ್ರಿ" ಎಂದು ಹೇಳುವಾಗಲೆಲ್ಲ ಆ ಪ್ಲಾಸ್ಟಿಕ್ ಕ್ಯಾನು ಕಣ್ಣ ಮುಂದೆ ಬರುತ್ತಿತ್ತು. ಮೇಡಂ ನನ್ನನ್ನು ಎಂಥ ಪೇಚಿಗೆ ಸಿಕ್ಕಿಸಿದ್ದರು!

ಮೊನ್ನೆ ಸಭೆಯ ಕೊನೆಯ ಸಾಲಿನಲ್ಲಿ ಆ ಮನೆಯ ಅಮ್ಮ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಭಾಷಣಗಳ ಕಾಟ ತಾಳಲಾರದೆ ನಾನು ಎದ್ದು ಹೋಗಿ ಅವರ ಪಕ್ಕ ಕೂತೆ. ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡರು. ಅವರಿಗೆ ಸಂತೋಷವಾಗಲಿ ಎಂದು, "ಮೇಡಂ ಆ ಬ್ಯಾಸಗ್ಯಾಗ ನಿಮಗ ಬಾವಿ ನೀರು ತಂದುಕೊಟ್ಟಿದ್ರಲ್ಲ ಅಮ್ಮಾರ" ಎಂದೆ.

"ಯಾವ ಬಾವಿ?" ಎಂದರು ಅವರು. "ಮೈಲಾಪೂರಲ್ಲಿ ಆ ವರ್ಷ ಒಂದು ಬಾವೀಲೂ ನೀರಿರಲಿಲ್ವಲ್ಲಮ್ಮಾ."

ನಾನು ಬಾಯಿ ತೆರೆದುಕೊಂಡು ನೋಡಿದೆ. "ಯಜಮಾನ್ರಿಗೂ ಗೊತ್ತಿತ್ತೇನು?"

"ಮೊದಲನೇ ದಿನವೇ. ಉದ್ಧರಣೇಲಿ ನೀರು ತಗೊಂಡು ಮೂಗಿನ ಹತ್ರ ತಂದ್ರು. 'ಏನೇ, ಬಾವಿ ನೀರಿಗೆ ಯಾವತ್ತಿಂದ ಬ್ಲೀಚಿಂಗ್ ಪೌಡರ್ ವಾಸನೆ ಬಂತು?' ಅಂದ್ರು. ನಾನು ತಲೆ ತಗ್ಗಿಸಿದೆ. ಆಚೆ ಮೆಟ್ಟಿಲ ಮೇಲೆ ನಿಮ್ಮ ಮೇಡಂ ಕೂತು ಏದುಸಿರು ಬಿಡ್ತಿದ್ರು, ಒಳಗೆ ಕೇಳಿಸ್ತಿತ್ತು. ಇವರು ಸ್ವಲ್ಪ ಹೊತ್ತು ಅದನ್ನೇ ಕೇಳ್ತಾ ಕೂತ್ರು. ಆಮೇಲೆ ಆ ನೀರನ್ನೇ ದೇವರ ತಲೆ ಮೇಲೆ ಹಾಕಿ, ತೀರ್ಥ ತಗೊಂಡು, 'ಮಾತ್ರೆ ಕೊಡು' ಅಂತ ಬಾಯಿ ತೆಗೆದ್ರು. 'ಆಕೆಗೆ ಮಾತ್ರ ಹೇಳಬೇಡ, ನೊಂದ್ಕೋತಾರೆ' ಅಂದ್ರು."

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಎರಡು ನಿಮಿಷದಲ್ಲಿ ಮುಗಿಸಬೇಕಂತೆ. ಹೋಗಿ ನಿಂತೆ. ತಮಿಳೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

"ಮೇಡಮ್ಮಗ ತಾಳ್ಮಿ ಅನ್ನೂದ ಇರಲಿಲ್ರಿ" ಎಂದೆ. "ಒಂದ ಸುಳ್ಳು ಹೇಳಲಿಕ್ಕೂ ನೆಟ್ಟಗ ಬರ್ತಿದ್ದಿಲ್ಲ."

ಸಭೆಗೆ ಅರ್ಥವಾಗಲಿಲ್ಲ. ಆಡಳಿತಾಧಿಕಾರಿಗಳು ಗಡಿಯಾರ ನೋಡಿಕೊಂಡರು. ಕೊನೆಯ ಸಾಲಿನಲ್ಲಿ ಒಬ್ಬರು ಮಾತ್ರ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.